ಬಾಲದಲ್ಲಿ ಎರಡು ಬಾಟಲಿ

ಧಡ್!

ಬಾಗಿಲು ಮುಚ್ಚಿತು.

ಹೊರಗಿನಿಂದ ಚಿಲಕಗಳು ಕಟ್, ಕಟ್ ಅಂತ ಕೂತವು. ಒಂದನ್ನೂ ಬಿಡದೆ!

ನಾನು ಆಗ ಎಲ್ಲಿದ್ದೆ ಅಂತೀರಿ? ವಿಮಾನದ ಬಾಲದೊಳಗೆ!

ನಗಬೇಡಿ ಸ್ವಾಮಿ. ಬಾಲ ಅಂದರೆ ಬಾಲವೇ. ಶ್ರೀಮಂತರು ಸ್ವಂತಕ್ಕೆ ಇಟ್ಟುಕೊಳ್ಳುವ ಬಿಸಿನೆಸ್ ಜೆಟ್ ಇದೆಯಲ್ಲ, ಅದರ ಹಿಂಭಾಗದಲ್ಲಿ, ಎರಡು ಎಂಜಿನ್‌ಗಳ ನಡುವೆ ಒಂದು ಗೂಡಿರುತ್ತದೆ. ಪೈಪು, ವೈರು, ಬ್ಯಾಟರಿ, ಕತ್ತಲೆ. ಹೊಟ್ಟೆಯ ಕೆಳಗೆ ಚೌಕದ ಸಣ್ಣ ಬಾಗಿಲು. ಅದರೊಳಗೆ ತೂರಬೇಕಾದರೆ ಮೈಯಲ್ಲಿ ಮೂಳೆ ಇರಬಾರದು. ನನಗಿಲ್ಲ. ಡ್ಯೂಟಿಗೆ ಬರುವಾಗ ಮನೆಯಲ್ಲೇ ತೆಗೆದಿಟ್ಟು ಬರುತ್ತೇನೆ!

ಬಾಯಲ್ಲಿ ಟಾರ್ಚು. ತೊಡೆಯ ಮೇಲೆ ಕುಂಬಳಕಾಯಿ ಗಾತ್ರದ ಉಕ್ಕಿನ ಬಾಟಲಿ. ಬೆನ್ನಿಗೆ ಚುಚ್ಚುತ್ತಿದ್ದ ಯಾವುದೋ ಬೋಲ್ಟು.

"ಸಾರ್..." ಹೊರಗಿನಿಂದ ಜೇನಲ್ಲಿ ಅದ್ದಿ ತೆಗೆದ ದನಿ. "ಒಳಗೆ ಆರಾಮಾಗಿದೀರಾ?"

"ಬಾಗಿಲು ತೆಗಿಯೋ!"

"ಆಗುತ್ತೆ ಸಾರ್. ತೆಗೀತೀನಿ. ಆದ್ರೆ ಈಗಲ್ಲ."

ಅದು ಮ್ಯಾನೇಜರ್. ಹೆಸರು ಆಗುತ್ತಪ್ಪ. ಹೆತ್ತವರು ಇಟ್ಟದ್ದಲ್ಲ, ನಾನಿಟ್ಟದ್ದು. ಅವನ ಬಾಯಿಂದ 'ಆಗಲ್ಲ' ಅನ್ನುವ ಮಾತು ಈವರೆಗೆ ಹೊರಬಿದ್ದಿಲ್ಲ. ದಟ್ಟ ಮಂಜಲ್ಲಿ ಇಳಿಸಬಹುದಾ? ಆಗುತ್ತೆ ಸಾರ್. ಎಂಟು ಸೀಟಿಗೆ ಹತ್ತು ಜನ? ಆಗುತ್ತೆ ಸಾರ್. ರೆಕ್ಕೆ ಬಿಚ್ಚಿ ಹಾರಿಸು ಅಂದರೂ, ಸ್ವಲ್ಪ ಟೈಮ್ ಕೊಡಿ ಸಾರ್ ಅನ್ನುವ ಆಸಾಮಿ!

"ದೊಡ್ಡವರ ಫ್ಲೈಟ್ ಒಂದು ಹೋಗಿಬಿಡ್ಲಿ ಸಾರ್, ಅಷ್ಟೇ. ಆಮೇಲೆ ನಾನೇ ಬಂದು ತೆಗೀತೀನಿ. ಜ್ಯೂಸ್ ತರಿಸ್ತೀನಿ. ಆರೆಂಜಾ, ದ್ರಾಕ್ಷೀನಾ?"

"ಆ ಫ್ಲೈಟ್ ನಿಲ್ಲಿಸಯ್ಯಾ! ಅದನ್ನ ಹಾರಿಸ್ತಿರೋದು ನನ್ನ ಬಾಮೈದ!"

"ಗೊತ್ತು ಸಾರ್. ಒಳ್ಳೆ ಹುಡುಗ. ಬೆಂಕಿಗಿಂಕಿ ಏನೂ ಬೀಳಲ್ಲ, ನೀವು ಟೆನ್ಷನ್ ತಗೋಬೇಡಿ."

ತಡೆಯಿರಿ. ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ. ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಾನು ಬೆಂಕಿ ಇನ್ಸ್‌ಪೆಕ್ಟರ್. ವಿಮಾನಗಳಲ್ಲಿ ಬೆಂಕಿ ಆರಿಸುವ ವ್ಯವಸ್ಥೆ ಸರಿಯಾಗಿದೆಯಾ ಅಂತ ನೋಡುವವನು. ಎಂಜಿನ್‌ಗೆ ಬೆಂಕಿ ಬಿತ್ತು ಅಂದುಕೊಳ್ಳಿ. ಮೇಲೆ ಆಕಾಶ, ಕೆಳಗೂ ಆಕಾಶ. ಯಾರನ್ನು ಕೂಗುತ್ತೀರಿ? ಪೈಲಟ್ ಒಂದು ಬಟನ್ ಒತ್ತುತ್ತಾನೆ. ಬಾಲದಲ್ಲಿರುವ ಬಾಟಲಿಯ ಬಾಯಿ ಒಡೆಯುತ್ತದೆ. ಗ್ಯಾಸ್ ನುಗ್ಗಿ ಬೆಂಕಿಯ ಕತ್ತು ಹಿಸುಕುತ್ತದೆ. ಅಷ್ಟು ಎತ್ತರಕ್ಕೆ ಬರುವ ಫೈರ್ ಎಂಜಿನ್ ಅದೊಂದೇ!

ಅದಕ್ಕೇ ಕಾನೂನು ಇದೆ. ಕಾಲಕಾಲಕ್ಕೆ ಬಾಟಲಿ ಬಿಚ್ಚಿ ತೂಗಲೇಬೇಕು. ಗ್ಯಾಸ್ ಸೋರಿದ್ದರೆ ತೂಕ ಹೇಳಿಬಿಡುತ್ತದೆ. ನಾನು ಓಕೆ ಅನ್ನದೆ ವಿಮಾನ ನೆಲ ಬಿಡುವಂತಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಕೋಟ್ಯಧಿಪತಿಗಳ ಬೆವರಿಳಿಯುತ್ತದೆ. ಒಮ್ಮೆ ಒಬ್ಬ ರಾಜಕುಮಾರ ನನ್ನ ಎರಡೂ ಕಾಲು ಹಿಡಿದಿದ್ದ! ಬಾಲದಿಂದ ಹೊರಗೆಳೆಯಲು ಹಿಡಿದದ್ದು ಅಂತ ಕೆಲವರು ಹೇಳುತ್ತಾರೆ. ಹೊಟ್ಟೆಕಿಚ್ಚಿನವರು.

ದೊಡ್ಡವರು ಅಂದರೆ ಹೆಲ್ಮೆಟ್ ಫ್ಯಾಕ್ಟರಿಯ ಯಜಮಾನ. ಎತ್ತರ ನನ್ನ ಭುಜಕ್ಕೂ ಬರುವುದಿಲ್ಲ, ಆದರೂ ಊರಿಗೆಲ್ಲ ದೊಡ್ಡವರು. ಅವರ ಹತ್ತಿರ ಎರಡು ವಿಮಾನ. ಒಂದು ಬಿಳಿ, ಒಂದು ನೀಲಿ. ಒಂದೇ ಮಾಡೆಲ್, ಅವಳಿಜವಳಿ. ಹೋದ ವಾರ ಬಿಳಿಯದರ ಬಾಟಲಿಗಳನ್ನು ತೂಗಿ ಓಕೆ ಅಂದಿದ್ದೆ. ಆ ದಿನ ನೀಲಿಯದರ ಸರದಿ.

ನನ್ನದೊಂದು ಪದ್ಧತಿ ಇದೆ ಸ್ವಾಮಿ. ಪಾಸಾದ ಬಾಟಲಿಯ ಕತ್ತಿನಲ್ಲಿ ಒಂದು ಗುರುತು ಹಾಕುತ್ತೇನೆ. ಬೇರೆಯವರು ಪೇಂಟ್ ಹಾಕುತ್ತಾರೆ. ನಾನು ಹೆಂಡತಿಯ ನೇಲ್ ಪಾಲಿಶ್ ಹಾಕುತ್ತೇನೆ! ಕಡು ನೇರಳೆ. ಹಚ್ಚಿಕೊಂಡರೆ ಬೆರಳು ಬಾಗಿಲಿಗೆ ಸಿಕ್ಕಿಕೊಂಡ ಹಾಗೆ ಕಾಣುತ್ತೆ ಅಂತ ಅವಳು ಎಸೆದಿದ್ದಳು. ನಾನು ಎತ್ತಿಟ್ಟುಕೊಂಡೆ. ಅರ್ಧಚಂದ್ರದ ಗುರುತು. ಜಗತ್ತಿನಲ್ಲಿ ಇನ್ನಾರ ಬಳಿಯೂ ಇಲ್ಲ.

ಹ್ಯಾಂಗರಿನಲ್ಲಿ, ಅಂದರೆ ವಿಮಾನದ ಶೆಡ್ಡಿನಲ್ಲಿ, ನಿಂತಿದ್ದ ನೀಲಿ ವಿಮಾನದ ಬಾಲಕ್ಕೆ ನುಗ್ಗಿದೆ. ಬಾಟಲಿ ಬಿಚ್ಚಿದೆ. ತೊಡೆಯ ಮೇಲಿಟ್ಟು ಬೆಳಕು ಬಿಟ್ಟೆ.

ಕತ್ತಿನಲ್ಲಿ... ನೇರಳೆ ಅರ್ಧಚಂದ್ರ!

ಎರಡನೆಯದರ ವೈರನ್ನೂ ಕಿತ್ತು ನೋಡಿದೆ. ಅದರಲ್ಲೂ ಅರ್ಧಚಂದ್ರ! ನಂಬರ್ ಸ್ಟಿಕ್ಕರ್ ಮಾತ್ರ ಹೊಸದು. ಗೋಂದು ಇನ್ನೂ ಬೆರಳಿಗೆ ಅಂಟುತ್ತಿತ್ತು.

ಇವು ಬಿಳಿ ವಿಮಾನದ ಬಾಟಲಿಗಳು. ಇವು ಇಲ್ಲಿದ್ದರೆ... ಬಿಳಿ ವಿಮಾನದ ಬಾಲದಲ್ಲಿ ಏನಿದೆ?

ಬಿಳಿ ವಿಮಾನ ಹೊರಗಿನ ಅಂಗಳದಲ್ಲಿ ಹಾರಲು ಸಿದ್ಧವಾಗಿ ನಿಂತಿತ್ತು. ದೊಡ್ಡವರು ಅದರಲ್ಲಿ ಹೋಗುತ್ತಿದ್ದದ್ದು ಎಲ್ಲಿಗೆ ಗೊತ್ತಾ? 'ವರ್ಷದ ಅತ್ಯುತ್ತಮ ಸುರಕ್ಷತಾ ಉದ್ಯಮಿ' ಪ್ರಶಸ್ತಿ ತಗೊಳ್ಳೋದಕ್ಕೆ! ಹಾರಿಸುವವನು ನನ್ನ ಹೆಂಡತಿಯ ಒಬ್ಬನೇ ತಮ್ಮ.

ಬುದ್ಧಿವಂತನಾಗಿದ್ದರೆ ಬಾಯಿ ಮುಚ್ಚಿಕೊಂಡು ಕೆಳಗಿಳಿಯಬೇಕಿತ್ತು. ನಾನು ಬುದ್ಧಿವಂತರ ಅಪ್ಪ.

"ಕಳ್ಳರಾ! ಸಿಕ್ಕಿಬಿದ್ರಿ!" ಅಂತ ಒಳಗಿಂದಲೇ ಗರ್ಜಿಸಿದೆ.

ಧಡ್! ಮುಂದಿನದು ನಿಮಗೆ ಗೊತ್ತು.

"ಒಂದೇ ಜೊತೆ ಬಾಟಲೀನ ಎರಡು ವಿಮಾನಕ್ಕೆ ತಿರುಗಿಸ್ತೀರೇನಯ್ಯಾ?" ಕತ್ತಲೆಯಲ್ಲೇ ಕೇಳಿದೆ.

"ದೊಡ್ಡವರದೇ ಐಡಿಯಾ ಸಾರ್. ನೀವೇ ಹೇಳಿ, ಎರಡು ವಿಮಾನಕ್ಕೂ ಒಟ್ಟಿಗೆ ಬೆಂಕಿ ಬೀಳುತ್ತಾ? ಇಲ್ವಲ್ಲ! ಮತ್ತೆ ಎರಡು ಜೊತೆ ಯಾಕೆ?"

ಕೈಗೆ ತೆಗೆದುಕೊಂಡಿದ್ದ ಟಾರ್ಚು ಬಿತ್ತು.

"ಬಾಟಲಿ ಇಲ್ಲದ್ದಕ್ಕೆ ಬೆಂಕಿ ಬಿದ್ರೆ? ಆಕಾಶಕ್ಕೆ ಕೊರಿಯರ್ ಮಾಡ್ತೀಯಾ?"

"ಅದರ ಬಗ್ಗೆ ಯೋಚನೆ ಮಾಡ್ತಿದೀವಿ ಸಾರ್."

"ಬಿಳಿಯದರಲ್ಲಿ ಈಗ ಏನು ಇಟ್ಟಿದೀಯ?"

"ಖಾಲಿ ಬಿಟ್ಟಿಲ್ಲ ಸಾರ್! ಖಾಲಿ ಬಿಟ್ರೆ ಬಾಲ ಹಗುರ ಆಗುತ್ತಲ್ಲ? ತೂಕಕ್ಕೆ ತೂಕ ಇಟ್ಟಿದೀವಿ. ಸೇಫ್ಟಿ ವಿಷಯದಲ್ಲಿ ನಾವು ಕಾಂಪ್ರಮೈಸೇ ಇಲ್ಲ."

ಬಾಗಿಲಿಗೆ ಒದ್ದೆ. ಮತ್ತೆ ಒದ್ದೆ. ಹ್ಯಾಂಗರ್ ಪೂರ್ತಿ ನಡುಗಿರಬೇಕು!

ಜೇನು ಸ್ವಲ್ಪ ಹುಳಿಯಾಯಿತು. "ಸಾರ್, ಗಲಾಟೆ ಬೇಡ. ಮುಂದೆ ಕಾಕ್‌ಪಿಟ್‌ನಲ್ಲಿ ಬೀರು ಕೂತಿದಾನೆ. ಬೆಂಕಿ ಬಟನ್ ಒತ್ತು ಅಂದ್ರೆ ಒತ್ತುತ್ತಾನೆ. ಬಾಟಲಿ ನಿಮ್ಮ ತೊಡೆ ಮೇಲೇ ಒಡೆಯುತ್ತೆ. ಗ್ಯಾಸೆಲ್ಲಾ ಆ ಗೂಡಿಗೇ. ಉಸಿರಾಡೋದು ಸ್ವಲ್ಪ ಕಷ್ಟ ಆಗಬಹುದು."

ಬೀರು ಅಂದರೆ ದೊಡ್ಡವರ ಬಾಡಿಗಾರ್ಡ್. ಅದೇ ಅಗಲ, ಅದೇ ಎತ್ತರ, ಬಟ್ಟೆ ಇಡುವ ಬೀರುವಿನ ಹಾಗೇ ನಿಲ್ಲುತ್ತಾನೆ. ಕೀ ಕೊಟ್ಟರೆ ಮಾತ್ರ ತೆರೆದುಕೊಳ್ಳುತ್ತಾನೆ.

"ಒತ್ತಿಸು!" ಅಂದೆ.

"ಸಾರ್?"

"ಒತ್ತಿಸಯ್ಯಾ, ನೋಡೇಬಿಡೋಣ!"

ದೂರದಲ್ಲಿ ಆಗುತ್ತಪ್ಪನ ಕೂಗು. ಆಮೇಲೆ... ಕ್ಲಿಕ್!

ಏನೂ ಆಗಲಿಲ್ಲ.

ಬಾಟಲಿ ಬಿಚ್ಚುವ ಮೊದಲು ಅದರ ವೈರು ಕೀಳಬೇಕು. ಬಾಲಕ್ಕೆ ಹತ್ತುವವನು ಕಲಿಯುವ ಮೊದಲ ಪಾಠ ಅದು. ಕಿತ್ತ ಎರಡೂ ವೈರು ನನ್ನ ಮೂಗಿನ ಮುಂದೆ ತೂಗಾಡುತ್ತಿದ್ದವು. ಮೊದಲ ಪಾಠ ಕಲಿಯದವರು ಎರಡನೇ ಪಾಠಕ್ಕೆ ಬರುವುದಿಲ್ಲ.

"ಸರಿ ಸಾರ್, ದೊಡ್ಡವರು ಬರೋ ಹೊತ್ತಾಯ್ತು," ಅಂದ ಆಗುತ್ತಪ್ಪ. ಬೂಟಿನ ಸಪ್ಪಳ ದೂರವಾಯಿತು.

ಫೋನ್ ತೆಗೆದೆ. ಬಾಮೈದನಿಗೆ ಹಚ್ಚಿದೆ.

"ಲೋ! ಎಂಜಿನ್ ಸ್ಟಾರ್ಟ್ ಮಾಡ್ಬೇಡ! ನಿನ್ನ ವಿಮಾನದಲ್ಲಿ ಬೆಂಕಿ ಬಾಟಲಿ ಇಲ್ಲ!"

"ಭಾವ, ಊಟ ಆಯ್ತಾ?"

"ತಮಾಷೆ ಅಲ್ಲ ಕಣೋ! ನನ್ನನ್ನ ಬಾಲದಲ್ಲಿ ಕೂಡಿ ಹಾಕಿದಾರೆ!"

"ಹೋದ ತಿಂಗಳು ಲಿಫ್ಟ್‌ನಲ್ಲಿ ಕೂಡಿ ಹಾಕಿದ್ರಲ್ಲ ಇಂಟರ್‌ನ್ಯಾಷನಲ್ ಗ್ಯಾಂಗು, ಅವರೇನಾ? ಅವತ್ತು ಕರೆಂಟ್ ಹೋಗಿತ್ತು ಭಾವ."

"ಕರೆಂಟ್ ತೆಗೆಸಿದ್ದೇ ಅವರು! ಅದಿರ್ಲಿ, ಈಗ ಕೇಳು..."

"ಇಲ್ಲಿ ಪ್ಯಾನೆಲ್‌ನಲ್ಲಿ ಬಾಟಲಿ ಲೈಟ್ ಓಕೆ ತೋರಿಸ್ತಿದೆ. ಹೋದ ವಾರ ನೀವೇ ಪಾಸ್ ಮಾಡಿದೀರಿ."

"ವೈರಿಗೆ ವೈರು ಸೇರಿಸಿದ್ರೆ ಲೈಟ್ ಓಕೆ ತೋರಿಸುತ್ತೆ ಕಣೋ ದಡ್ಡ!"

"ದೊಡ್ಡವರ ಕಾರು ಬಂತು. ಸಂಜೆ ಮನೆಗೆ ಬರ್ತೀನಿ, ಅಕ್ಕನ ಮುಂದೆ ಪೂರ್ತಿ ಕತೆ ಹೇಳೋರಂತೆ."

ಕಟ್!

ನನ್ನ ಮನೆಯವರಿಗೆಲ್ಲ ಒಂದು ದೊಡ್ಡ ದೋಷವಿದೆ ಸ್ವಾಮಿ. ನನ್ನ ಮಾತು ನಂಬುವುದಿಲ್ಲ!

ಹೆಂಡತಿಗೆ ಹಚ್ಚಿದೆ.

"ರೀ, ಕುಕ್ಕರ್ ಕೂಗ್ತಿದೆ. ಬೇಗ ಹೇಳಿ."

ಬೇಗ ಹೇಳಿದೆ.

"ಇದರಲ್ಲಿ ನಿಜ ಎಷ್ಟು? ಪೂರ್ತೀನಾ, ಕಾಲುಭಾಗಾನಾ?"

"ಪೂರ್ತಿ ಕಣೇ!"

"ನನ್ನ ಮೇಲೆ ಆಣೆ ಇಡಿ."

"ಇಟ್ಟೆ!"

ಕುಕ್ಕರಿನ ಕೂಗು ನಿಂತಿತು. ಒಲೆ ಆರಿಸಿದ್ದಳು. ಮದುವೆಯಾದಂದಿನಿಂದ ನನ್ನ ಮಾತಿಗೆ ಅವಳು ಒಲೆ ಆರಿಸಿದ್ದು ಅದೇ ಮೊದಲು.

"ಅಮ್ಮ ಹೋದಾಗ ಅವನಿಗೆ ಇನ್ನೂ ಹಲ್ಲು ಬಂದಿರ್ಲಿಲ್ಲ. ನಾನೇ ತುತ್ತಿಟ್ಟು ಬೆಳೆಸಿದ್ದು," ಅಂದಳು. ದನಿ ಸಣ್ಣಗಾಗಿತ್ತು. "ತಾಳಿ, ಇನ್ನೊಂದು ಫೋನಿಂದ ಮಾಡ್ತೀನಿ... ಸ್ವಿಚ್ ಆಫ್ ಬರ್ತಿದೆ ರೀ. ಹೋಗಿ ಅವನನ್ನ ಇಳಿಸಿ. ಹೇಗಾದ್ರೂ ಇಳಿಸಿ. ಆಗ್ಲಿಲ್ಲ ಅಂದ್ರೆ ನೀವು ಆ ಬಾಲದಲ್ಲೇ ಇದ್ದುಬಿಡಿ, ಮನೆಗೆ ಬರ್ಬೇಡಿ!"

ಗನ್ ಹಿಡಿದವರನ್ನು ಕಂಡಿದ್ದೇನೆ. ಚಾಕು ಹಿಡಿದವರನ್ನು ಕ್ಯಾರೇ ಅಂದಿಲ್ಲ. ಇದು ಬೇರೆ ಥರದ ಬೆದರಿಕೆ.

ಮೈಯಲ್ಲಿ ರಕ್ತ ಕುದಿಯಿತು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಸ್ಕ್ರೂಡ್ರೈವರ್ ಸಮೇತ ಒಬ್ಬನನ್ನು ಕೂಡಿ ಹಾಕುವುದು ಆಗುತ್ತಪ್ಪನಂಥವರಿಗೆ ಮಾತ್ರ ಹೊಳೆಯುವ ಉಪಾಯ. ಬಾಲದ ಗೂಡಿಗೂ ಅದರ ಮುಂದಿರುವ ಲಗೇಜ್ ಗೂಡಿಗೂ ನಡುವೆ ತಗಡಿನ ಒಂದು ಹಲಗೆ ಇರುತ್ತದೆ. ಸ್ಕ್ರೂಗಳು ಒಂದೊಂದಾಗಿ ಪಟಪಟ ಉದುರಿದವು. ಕಣ್ಣು ಮಿಟುಕಿಸುವುದರೊಳಗೆ ಅಂತ ಬರೆದುಕೊಳ್ಳಿ.

ಲಗೇಜ್ ಗೂಡಿಗೆ ಜಾರಿದೆ. ಮೆತ್ತಗಿನದರ ಮೇಲೆ ಬಿದ್ದೆ. ಅದೇ ಹೊತ್ತಿಗೆ ಹೊರಗಿನ ಬಾಗಿಲು ತಾನಾಗಿ ತೆರೆಯಿತು!

"ಅಯ್ಯೋ ದೆವ್ವ!"

"ದೆವ್ವ ಅಲ್ಲ ಮೇಡಮ್, ಇನ್ಸ್‌ಪೆಕ್ಟರ್!"

ಬಾಗಿಲು ತೆರೆದಾಕೆ ಬಣ್ಣದ ಮೇಡಮ್. ದೊಡ್ಡವರ ವಿಮಾನಗಳ ಒಳಗಿನ ಅಲಂಕಾರ ಈಕೆಯದೇ. ಎರಡು ಕೈಯಲ್ಲೂ ದಿಂಬು ಹಿಡಿದುಕೊಂಡು ನಿಂತಿದ್ದರು.

"ದೆವ್ವ ಆಗಿದ್ರೆ ವಾಸಿ! ಗ್ರೀಸ್ ಕೈಯನ್ನ ನನ್ನ ಕ್ರೀಮ್ ಕಲರ್ ಕುಶನ್ ಮೇಲೆ ಇಟ್ಟಿದೀರಲ್ರೀ!"

"ಮೇಡಮ್, ಬಿಳಿ ವಿಮಾನದ ಬಾಲಕ್ಕೆ ಏನು ಹಾಕಿದ್ರು? ಗೊತ್ತಿದ್ರೆ ಹೇಳಿ. ಪ್ರಾಣದ ಪ್ರಶ್ನೆ!"

"ನನಗೇನು ಗೊತ್ತು? ನಿನ್ನೆ ಮ್ಯಾನೇಜರ್ ಎರಡು ಗುಂಡು ತಂದು, ಬೂದು ಬಣ್ಣ ಹೊಡೆದುಕೊಡಿ ಅಂದ್ರು. ಹೊಡೆದೆ. ಮ್ಯಾಟ್ ಫಿನಿಶ್. ತುಂಬಾ ಕ್ಲಾಸಾಗಿ ಬಂದಿದೆ."

"ಎಂಥ ಗುಂಡು?"

"ಗುಂಡಗಿತ್ತು!"

ಹ್ಯಾಂಗರಿನ ಮುಂಭಾಗದಲ್ಲಿ ಧಪ್ ಅಂತ ಶಬ್ದ. ಬೀರು ಮೆಟ್ಟಿಲಿಳಿದಿದ್ದ. ನನ್ನನ್ನು ನೋಡಿದ. ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸಿದ.

ಓಡಿದೆ!

ಬಾಗಿಲ ಬಳಿ ವಿಮಾನ ಎಳೆಯುವ ಕುಳ್ಳ ಟ್ರ್ಯಾಕ್ಟರ್ ನಿಂತಿತ್ತು. ಕೀ ಅದರಲ್ಲೇ. ಹಾರಿ ಕೂತೆ. ಆಕ್ಸಿಲರೇಟರ್ ಅನ್ನು ನೆಲಕ್ಕೆ ತುಳಿದೆ. ಗಾಡಿ ಗರ್ಜಿಸಿತು. ಗಾಳಿ ಮುಖಕ್ಕೆ ರಾಚಿತು. ಟಯರ್ ಹೊಗೆ ಕಾರಿತು. ಅಂಗಳದ ಹಳದಿ ಗೆರೆಗಳು ಮಿಂಚಿನ ಹಾಗೆ ಹಿಂದೋಡಿದವು! ನನ್ನ ಜನ್ಮದಲ್ಲಿ ಅಂಥ ಚೇಸ್...

"ಸಾರ್, ಇಳೀರಿ."

ಪಕ್ಕಕ್ಕೆ ನೋಡಿದೆ. ಬೀರು ನನ್ನ ಜೊತೆಜೊತೆಗೇ ನಡೆದು ಬರುತ್ತಿದ್ದ. ಜೇಬಲ್ಲಿ ಕೈ ಬೇರೆ.

ಆ ಟ್ರ್ಯಾಕ್ಟರನ್ನು ಮಾಡಿದ್ದೇ ನಡೆಯುವವರ ವೇಗಕ್ಕೆ ಅಂತ ಕಾಣುತ್ತದೆ.

"ಇಳಿಯಲ್ಲ!" ಅಂದೆ. ಇನ್ನೂ ಜೋರಾಗಿ ತುಳಿದೆ. ಸದ್ದು ಜಾಸ್ತಿಯಾಯಿತು. ಬೇರೇನೂ ಆಗಲಿಲ್ಲ.

"ಸಾರ್, ನನಗೆ ಎತ್ತಿ ಇಳಿಸೋಕೆ ಹೇಳಿದಾರೆ. ಎತ್ತಿದ್ರೆ ನಿಮಗೆ ಅವಮಾನ ಆಗುತ್ತೆ. ನೀವಾಗೇ ಇಳೀರಿ."

"ಬೀರು, ನೀನೂ ಆ ವಿಮಾನದಲ್ಲಿ ಹೋಗ್ತಿದೀಯಾ?"

"ಹೂಂ. ಹಿಂದಿನ ಸೀಟು."

"ಹಿಂದಿನ ಸೀಟಿನ ಎರಡು ಪಕ್ಕಕ್ಕೂ ಎಂಜಿನ್ ಇರುತ್ತೆ. ಬೆಂಕಿ ಬಿದ್ರೆ ಮೊದಲು ಬಿಸಿ ತಗಲೋದು ಯಾರಿಗೆ?"

ಬೀರು ಯೋಚಿಸಿದ. ಬೀರು ಯೋಚಿಸುವುದು ಕಾಣುತ್ತದೆ ಸ್ವಾಮಿ, ಹಣೆಯ ಮೇಲೆ ಅಲೆ ಏಳುತ್ತದೆ.

"ಬಾಟಲಿ ಇದೆಯಲ್ಲ ಸಾರ್?"

"ಆ ಬಾಟಲಿ ನೀಲಿ ವಿಮಾನದಲ್ಲಿದೆ. ನೀನೇ ಬಟನ್ ಒತ್ತಿದ್ಯಲ್ಲ, ಅದೇ ಬಾಟಲಿ. ಅದು ಒಡೆದಿದ್ರೆ ನಾನು ಸಾಯ್ತಿದ್ದೆ!"

"ಅಯ್ಯೋ! ಲೈಟ್ ಬಟನ್ ಅಂದ್ರು ಸಾರ್ ನನಗೆ!" ಮುಖ ಬಿಳಿಚಿಕೊಂಡಿತು. ಬೀರು ಜೇಬಿನಿಂದ ಕೈ ತೆಗೆದ. ಆಮೇಲೆ ಟ್ರ್ಯಾಕ್ಟರಿನ ಹಿಂದೆ ಹೋಗಿ ತಳ್ಳಲು ಶುರು ಮಾಡಿದ!

"ನನಗೆ ಮೊದಲೇ ವಿಮಾನ ಅಂದ್ರೆ ಆಗಲ್ಲ ಸಾರ್..."

ಈಗ ನಿಜವಾಗಲೂ ಗಾಳಿ ಮುಖಕ್ಕೆ ರಾಚಿತು.

ಬಿಳಿ ವಿಮಾನ ಕಣ್ಣಿಗೆ ಬಿತ್ತು. ದೊಡ್ಡವರು ಮೆಟ್ಟಿಲ ಮೇಲೆ ನಿಂತು ಫೋಟೋಗ್ರಾಫರ್‌ಗೆ ಕೈ ಬೀಸುತ್ತಿದ್ದರು. ತಲೆ ಮೇಲೆ ತಮ್ಮದೇ ಫ್ಯಾಕ್ಟರಿಯ ಹೆಲ್ಮೆಟ್. ಕೆಳಗೆ ಆಗುತ್ತಪ್ಪ ಕೈ ಕಟ್ಟಿ ನಿಂತಿದ್ದ. ಅಷ್ಟರಲ್ಲಿ ಮೆಟ್ಟಿಲಿಲ್ಲದ ಪಕ್ಕದ ಎಂಜಿನ್ ಗೊರ್ ಅಂತ ತಿರುಗತೊಡಗಿತು!

ಟ್ರ್ಯಾಕ್ಟರ್ ನಿಲ್ಲುವ ಮೊದಲೇ ಧುಮುಕಿದೆ. ವಿಮಾನದ ಮೂಗಿನ ಮುಂದೆ ಹೋಗಿ ನಿಂತೆ. ಎರಡು ತೋಳನ್ನೂ ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿದೆ.

ನನ್ನ ಮಾತನ್ನು ನಂಬದಿರಬಹುದು. ಆದರೆ ಅಂಗಳದಲ್ಲಿ ಯಾರಾದರೂ ತೋಳು ಅಡ್ಡ ಹಿಡಿದರೆ ಪೈಲಟ್ ನಿಲ್ಲಿಸಲೇಬೇಕು. ಯಾಕೆ, ಯಾರು ಅಂತ ಆಮೇಲೆ ಕೇಳಬೇಕು. ಅದು ಅವರ ಕೈಗೆ ಅಭ್ಯಾಸವಾಗಿರುತ್ತದೆ, ತಲೆಯವರೆಗೆ ಹೋಗುವುದೇ ಇಲ್ಲ.

ಎಂಜಿನ್ ಗೊಣಗಿ ನಿಂತಿತು. ಕಾಕ್‌ಪಿಟ್‌ನ ಸಣ್ಣ ಕಿಟಕಿ ತೆರೆಯಿತು.

"ಭಾವಾ! ತಲೆ ಕೆಟ್ಟಿದೆಯಾ ನಿಮಗೆ? ನನ್ನ ಕೆಲಸ ಕಳೀಬೇಕು ಅಂತ ಮಾಡಿದೀರಾ?"

"ಇಳಿದು ಬಂದು ಬಾಲ ನೋಡು! ಒಂದೇ ಒಂದು ಸಲ!"

"ಕ್ಯಾಪ್ಟನ್, ಸ್ಟಾರ್ಟ್ ಮಾಡಿ," ಆಗುತ್ತಪ್ಪ ಓಡಿಬಂದ. "ಇವರಿಗೆ ಹುಷಾರಿಲ್ಲ. ಬಿಸಿಲು ನೆತ್ತಿಗೇರಿದೆ."

"ಏನದು ಗಲಾಟೆ?" ಮೇಲಿಂದ ದೊಡ್ಡವರು ಕೇಳಿದರು. "ಪ್ರಶಸ್ತಿ ಏನು ನನಗೋಸ್ಕರ ಕಾಯುತ್ತಾ? ಪೈಲಟ್! ಹಾರಿಸೋದಾದ್ರೆ ಹಾರಿಸು, ಇಲ್ಲಾ ಮನೆಗೆ ಹೋಗು!"

ಬಾಮೈದ ದೊಡ್ಡವರನ್ನು ನೋಡಿದ. ನನ್ನನ್ನು ನೋಡಿದ. ನಾನು ಆಗ ಒಂದು ಕೆಲಸ ಮಾಡಿದೆ ಸ್ವಾಮಿ. ನನ್ನ ಜೀವಮಾನದಲ್ಲೇ ಮಾಡದ ಕೆಲಸ.

ಬಾಯಿ ಮುಚ್ಚಿಕೊಂಡು ನಿಂತೆ.

ಅದು ಅವನಿಗೆ ತಾಗಿತು. ಕಿಟಕಿ ಮುಚ್ಚಿತು. ದೊಡ್ಡವರನ್ನು ಸ್ವಲ್ಪ ಸರಿಸಿಕೊಂಡು ಮೆಟ್ಟಿಲಿಳಿದು ಬಂದ. ಮುಖ ಕೆಂಡವಾಗಿತ್ತು.

"ಭಾವ, ಇದು ಸುಳ್ಳಾದ್ರೆ ಇನ್ನು ನಿಮ್ಮ ಹೊಸ್ತಿಲು ತುಳಿಯಲ್ಲ. ಅಕ್ಕ ಕರೆದ್ರೂ ಬರಲ್ಲ."

"ಸರಿ."

ಬಾಲದ ಬಾಗಿಲಿಗೆ ಆಗುತ್ತಪ್ಪ ಅಡ್ಡ ನಿಂತ. ಬೀರು ಅವನ ಎರಡು ಕಂಕುಳಿಗೂ ಕೈ ಹಾಕಿ, ಹೂಕುಂಡ ಎತ್ತಿಡುವ ಹಾಗೆ, ಪಕ್ಕಕ್ಕೆ ಎತ್ತಿಟ್ಟ.

"ನೀನು ಯಾರ ಕಡೆಯೋ?" ಆಗುತ್ತಪ್ಪ ಚೀರಿದ.

"ಹಿಂದಿನ ಸೀಟಿನ ಕಡೆ ಸಾರ್."

ಬಾಮೈದ ಬಾಲದೊಳಗೆ ತಲೆ ತೂರಿಸಿದ. ಟಾರ್ಚ್ ಬಿಟ್ಟ. "ಬಾಟಲಿ ಇದೆಯಲ್ಲ ಭಾವ! ಎರಡೂ ಇದೆ!"

"ಬೆರಳಲ್ಲಿ ತಟ್ಟು."

ಉಕ್ಕಿನ ಬಾಟಲಿ ತಟ್ಟಿದರೆ ಠಣ್ ಅನ್ನಬೇಕು. ಇದು ಡಬ್ ಅಂದಿತು.

ಮತ್ತೆ ತಟ್ಟಿದ. ಡಬ್.

"ಪೈಪ್ ಎಲ್ಲಿ?" ಅಂದ. ದನಿ ಬದಲಾಗಿತ್ತು. "ಗೇಜ್ ಎಲ್ಲಿ? ಇದೇನು... ಸ್ಟಿಕ್ಕರ್ ಕೆಳಗೆ ಮೆತ್ತಗಿದೆ..." ಹೆಬ್ಬೆರಳು ಒತ್ತಿದ. ಪೇಂಟರುಗಳು ಬಿರುಕಿಗೆ ಮೆತ್ತುವ ಪುಟ್ಟಿ, ಪುಸಕ್ಕನೆ ಒಳಗೆ ಹೋಯಿತು. ಪಕ್ಕದಲ್ಲಿ ಇನ್ನೊಂದು ಬೆರಳು. ಅದರ ಪಕ್ಕ ಇನ್ನೊಂದು.

ಅದನ್ನು ಬಿಗಿದಿದ್ದ ಬೆಲ್ಟು ಬಿಚ್ಚಿ ಹೊರಗೆ ತೆಗೆದ. ಮೂರು ಬೆರಳು ಮೂರು ತೂತಿನಲ್ಲಿ ಸರಿಯಾಗಿ ಕೂತಿದ್ದವು. ಮಾಲ್‌ಗಳಲ್ಲಿ ಉದ್ದನೆಯ ಹಲಗೆಯ ಮೇಲೆ ಉರುಳಿಸಿ, ಕೊನೆಯಲ್ಲಿ ನಿಲ್ಲಿಸಿದ ಪಿನ್ನುಗಳನ್ನು ಬೀಳಿಸುತ್ತಾರಲ್ಲ... ಆ ಆಟದ ಚೆಂಡು!



ಎಂಜಿನ್‌ಗೆ ಬೆಂಕಿ ಬಿದ್ದು, ನನ್ನ ಬಾಮೈದ ಬಟನ್ ಒತ್ತಿ, ಮತ್ತೆ ಒತ್ತಿ, ಬಾಲದಲ್ಲಿ ಕೂತ ಈ ಚೆಂಡು ಸುಮ್ಮನೆ ಕೇಳಿಸಿಕೊಳ್ಳುವುದು... ಅದನ್ನೇ ಅವನೂ ನೋಡುತ್ತಿದ್ದ ಅಂತ ಕಾಣುತ್ತದೆ. ಚೆಂಡು ಜಾರಿತು. ಉರುಳಿಕೊಂಡು ಮೆಟ್ಟಿಲ ಬುಡಕ್ಕೆ ಹೋಗಿ ನಿಂತಿತು.

ದೊಡ್ಡವರು ಇಳಿದು ಬಂದರು. ಬಗ್ಗಿದರು. ಉಗುರಿನಿಂದ ಬೂದು ಬಣ್ಣ ಕೆರೆದರು. ಕೆಳಗೆ ಫಳಫಳ ಬಂಗಾರದ ಬಣ್ಣ ಕಂಡಿತು.

ಮುಖ ಕಪ್ಪಿಟ್ಟಿತು. ಹೆಲ್ಮೆಟ್ ನಡುಗಿತು. ಅಬ್ಬಾ, ಕೊನೆಗೂ ಈ ಮನುಷ್ಯನಿಗೆ ಅರ್ಥವಾಯಿತು ಅಂದುಕೊಂಡೆ.

"ನನ್ನ ಚೆಂಡು!" ಅಂದರು ದೊಡ್ಡವರು. "ಇದು ನನ್ನ ಲಕ್ಕಿ ಚೆಂಡು! ಯಾವ ಕಳ್ಳ ಇದಕ್ಕೆ ಪುಟ್ಟಿ ತುಂಬಿದ್ದು?"

ಎಲ್ಲರೂ ಆಗುತ್ತಪ್ಪನನ್ನು ನೋಡಿದೆವು.

"ತೂಕ ಸರಿಹೋಗ್ಬೇಕಿತ್ತು ಸಾರ್... ನಿಮ್ಮ ಆಟದ ರೂಮಲ್ಲಿ ಸುಮ್ನೆ ಬಿದ್ದಿತ್ತು..."

"ಸುಮ್ನೆ ಬಿದ್ದಿತ್ತಾ? ಇದರಲ್ಲಿ ನಾನು ಮಂತ್ರಿಗಳನ್ನ ಸೋಲಿಸಿದೀನಿ ಕಣೋ! ಮೂರು ತೂತಲ್ಲೂ ನನ್ನ ಬೆರಳಿನ ಅಳತೆ ಇದೆ!"

"ದೊಡ್ಡವರೇ," ಬಾಮೈದ ಮಧ್ಯೆ ಬಾಯಿ ಹಾಕಿದ. ಟೋಪಿ ತೆಗೆದು ಕಂಕುಳಲ್ಲಿಟ್ಟಿದ್ದ. "ಮೇಲೆ ಎಂಜಿನ್‌ಗೆ ಬೆಂಕಿ ಬಿದ್ದಿದ್ರೆ ನಾನು ಏನು ಮಾಡ್ಬೇಕಿತ್ತು?"

"ಬೆಂಕಿ ಯಾಕಪ್ಪಾ ಬೀಳುತ್ತೆ? ಎರಡೂ ವಿಮಾನಕ್ಕೂ ಒಟ್ಟಿಗೆ..."

"ಒಂದಕ್ಕೆ ಬಿದ್ರೆ ಸಾಕು ಸಾರ್. ನಾನು ಕೂತಿರೋದು ಒಂದರಲ್ಲೇ."

ದೊಡ್ಡವರು ಅವನನ್ನು ವಿಚಿತ್ರವಾಗಿ ನೋಡಿದರು. ಈ ಲೆಕ್ಕವನ್ನು ಯಾರೂ ಅವರಿಗೆ ಆ ಕಡೆಯಿಂದ ತೋರಿಸಿರಲಿಲ್ಲ ಅನ್ನಿಸುತ್ತದೆ.

"ತುಂಬಾ ಮಾತಾಡ್ತೀಯ. ನೀನು ಹಾರಿಸಲ್ಲ ಅಂದ್ರೆ ಇನ್ನೊಬ್ಬ ಬರ್ತಾನೆ."

"ಬರ್ತಾನೆ ಸಾರ್. ಅವನ ಮನೆಯಲ್ಲೂ ಒಬ್ಬ ಅಕ್ಕ ಇರ್ತಾಳೆ."

ಟೋಪಿಯನ್ನು ಮೆಟ್ಟಿಲ ಮೇಲಿಟ್ಟು ನಡೆದುಬಿಟ್ಟ. ಹಿಂದೆ ತಿರುಗಿಯೂ ನೋಡಲಿಲ್ಲ. ನನ್ನ ರಕ್ತವೇ ಹಾಗೆ ಸ್ವಾಮಿ! ಹೆಂಡತಿಯ ಕಡೆಯವನು ಅನ್ನುವುದು ಸಣ್ಣ ವಿಷಯ.

ಇನ್ನು ನನ್ನ ಸರದಿ. ಜೇಬಿನಿಂದ ಕೆಂಪು ಪಟ್ಟಿ ತೆಗೆದೆ. ಬಿಳಿ ವಿಮಾನದ ಬಾಗಿಲಿಗೆ ಒಂದು ಕಟ್ಟಿದೆ. ಹ್ಯಾಂಗರ್‌ಗೆ ಹೋಗಿ ನೀಲಿಯದಕ್ಕೂ ಒಂದು ಕಟ್ಟಿದೆ. ಅದು ಇರುವವರೆಗೆ ಎರಡೂ ಅಲುಗುವಂತಿಲ್ಲ.

ವಾಪಸ್ ಬರುವಷ್ಟರಲ್ಲಿ ದೊಡ್ಡವರು ಫೋಟೋಗ್ರಾಫರ್ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಚೆಂಡು. ಇನ್ನೊಂದು ಕೈ ಎದೆಯ ಮೇಲೆ.

"ಸುರಕ್ಷತೆ ನನ್ನ ಉಸಿರು," ಅನ್ನುತ್ತಿದ್ದರು ಕ್ಯಾಮೆರಾಕ್ಕೆ. "ಅದಕ್ಕೇ ಈ ದಿನ ನಾನೇ ಖುದ್ದಾಗಿ ನನ್ನ ವಿಮಾನವನ್ನು ತಪಾಸಣೆ ಮಾಡಿ, ದೋಷ ಹಿಡಿದು, ಪ್ರಯಾಣ ರದ್ದು ಮಾಡಿದೆ. ಪ್ರಶಸ್ತಿಯನ್ನು ವಿನಮ್ರವಾಗಿ ಇಲ್ಲಿಂದಲೇ ಸ್ವೀಕರಿಸುತ್ತೇನೆ..."

ಆಗುತ್ತಪ್ಪ ಪಕ್ಕದಲ್ಲಿ ಕೂತು ಇನ್ನೊಂದು ಚೆಂಡಿನ ತೂತಿನಿಂದ ಪುಟ್ಟಿ ಕೆರೆಯುತ್ತಿದ್ದ. ಸಂಜೆಯೊಳಗೆ ಎರಡೂ ಚೆಂಡು ಮೊದಲಿನ ಹಾಗೆ ಫಳಫಳ ಹೊಳೆಯಬೇಕು ಅಂತ ಹುಕುಂ ಆಗಿತ್ತು.

"ಆಗುತ್ತಾ?" ಅಂತ ಕೇಳಿದೆ.

ಅವನು ತಲೆ ಎತ್ತಲಿಲ್ಲ.

ಗೇಟಿನ ಹೊರಗೆ ಕಟ್ಟೆಯ ಮೇಲೆ ಬಾಮೈದ ಕೂತಿದ್ದ. ವಿಮಾನದಲ್ಲಿ ಕೊಡುವ ಬಿಸ್ಕೆಟ್ ಪೊಟ್ಟಣ ಕೈಯಲ್ಲಿತ್ತು. ಅವನಿಗೆ ಸಿಕ್ಕ ಕೊನೆಯ ಸಂಬಳ ಅಂದರೆ ಅದೇ. ಪಕ್ಕದಲ್ಲಿ ಕೂತೆ.

"ಭಾವ, ಹೋದ ವಾರ ನೀವು ಬಿಳಿಯದನ್ನ ಪಾಸ್ ಮಾಡಿದ ದಿನ ನಾನು ನೀಲಿಯದನ್ನ ಹಾರಿಸ್ತಿದ್ದೆ."

"ಹೂಂ."

"ಆಗ ಬಾಟಲಿ ಬಿಳಿಯದರಲ್ಲಿತ್ತು."

"ಹೂಂ."

"ಅಂದ್ರೆ ಆ ದಿನ ನನ್ನ ಹಿಂದೆ..."

"ಬಿಸ್ಕೆಟ್ ತಿನ್ನೋ."

ತಿಂದ. ಅವನ ಕಣ್ಣಲ್ಲಿ ನೀರು ಬಂತು. ಬಿಸ್ಕೆಟ್ ಗಂಟಲಿಗೆ ಸಿಕ್ಕಿತು ಅಂದ. ಹೌದು ಅಂದೆ. ನಾನೂ ಒಂದು ತಿಂದೆ. ನನಗೂ ಸಿಕ್ಕಿತು.

ಫೋನ್ ಬಡಿದುಕೊಂಡಿತು.

"ರೀ! ಇಳಿಸಿದ್ರಾ?"

"ಇಳಿಸಿದೆ."

"ಕೆಲಸ?"

"ಹೋಯ್ತು."

"ಜೀವ?"

"ಇದೆ. ಪಕ್ಕದಲ್ಲೇ ಕೂತು ಬಿಸ್ಕೆಟ್ ತಿಂತಿದೆ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ಹೊಗಳಿಕೆಗೆ ಕಾದೆ ಸ್ವಾಮಿ. ಎದೆ ಉಬ್ಬಿಸಿಕೊಂಡು ಕಾದೆ. ಇಡೀ ವಿಮಾನ ಉಳಿಸಿದ ಗಂಡು ನಾನು!

"ಇನ್ನು ಮೇಲೆ ಅವನು ನಮ್ಮನೇಲೇ ಇರ್ತಾನೆ," ಅಂದಳು. "ಬರ್ತಾ ಹಾಲು ತನ್ನಿ. ದಿನಾ ತರೋದಕ್ಕಿಂತ ಎರಡು ಪ್ಯಾಕೆಟ್ ಜಾಸ್ತಿ."

ಒಂದು ಜೀವ ಉಳಿಸಿದವನಿಗೆ ಏನು ಸಿಗುತ್ತೆ ಅಂತ ಜನ ನನ್ನನ್ನು ಕೇಳುತ್ತಾರೆ...

ಸಿಗುವುದೇನೂ ಇಲ್ಲ ಸ್ವಾಮಿ. ದಿನಕ್ಕೆ ಎರಡು ಪ್ಯಾಕೆಟ್ ಹಾಲಿನ ದುಡ್ಡು ಕೈಯಿಂದ ಹೋಗುತ್ತೆ!